ಮನೋವೈದ್ಯರ ಸಾಕ್ಷ್ಯಕ್ಕೆ ಎಷ್ಟು ತೂಕ?

ಪ್ರಶ್ನೆ (ಉಡುಪಿ): ನೆರೆಮನೆಯ ಹುಡುಗನ ವಿರುದ್ಧ ಹಲ್ಲೆಯ ಪ್ರಕರಣ ದಾಖಲಾಗಿದೆ, ಅವನಿಗೆ ಮೊದಲಿನಿಂದಲೂ ಸ್ಕಿಜೋಫ್ರೇನಿಯಾಕ್ಕೆ ಚಿಕಿತ್ಸೆ ನಡೆಯುತ್ತಿದೆ. ಮನೋವೈದ್ಯರು ಸಾಕ್ಷಿ ನುಡಿದರೆ ಬಿಡುಗಡೆಯಾಗುವುದೇ?

ಉತ್ತರ (ವಕೀಲ, ಮಂಗಳೂರು): ಕಾಯಿಲೆಯಿದೆ ಎಂಬುದಷ್ಟೇ ಸಾಲದು. ಭಾರತೀಯ ನ್ಯಾಯ ಸಂಹಿತೆಯ 22ನೇ ಕಲಮಿನ ರಕ್ಷಣೆ ಬೇಕಾದರೆ, ಕೃತ್ಯ ನಡೆದ ಹೊತ್ತಿನಲ್ಲಿ ಬುದ್ಧಿವಿಕಲತೆಯಿಂದಾಗಿ ಅದರ ಸ್ವರೂಪವನ್ನು ಅಥವಾ ಅದು ತಪ್ಪೆಂಬುದನ್ನು ತಿಳಿಯಲು ಅವನು ಅಶಕ್ತನಾಗಿದ್ದನೆಂದು ತೋರಿಸುವ ಭಾರ ಆರೋಪಿಯದು. ಆದರೆ ಸುಪ್ರೀಂ ಕೋರ್ಟಿನ 1964ರ ದಹ್ಯಾಭಾಯಿ ಠಕ್ಕರ್ ತೀರ್ಪಿನ ಪ್ರಕಾರ ಸಂಭವನೀಯತೆಯ ಮಟ್ಟದ ಪುರಾವೆ, ಅಂದರೆ ಹಾಗಿದ್ದಿರುವ ಸಾಧ್ಯತೆಯೇ ಹೆಚ್ಚೆಂದು ತೋರಿಸುವಷ್ಟು ಪುರಾವೆ, ಸಾಕು.

ಉತ್ತರ (ಮನೋವೈದ್ಯೆ, ಮಣಿಪಾಲ): ನಾವು ನೀಡುವುದು ಅಭಿಪ್ರಾಯ, ತೀರ್ಮಾನ ನ್ಯಾಯಾಧೀಶರದು. ತಿಂಗಳುಗಳ ನಂತರ ಪರೀಕ್ಷಿಸಿ ಅಂದಿನ ಮನಸ್ಥಿತಿಯನ್ನು ಹೇಳುವುದು ನಿಜಕ್ಕೂ ಕಷ್ಟ. ಆದ್ದರಿಂದ ಹಳೆಯ ಔಷಧ ಚೀಟಿಗಳನ್ನೂ ಒಳರೋಗಿ ದಾಖಲೆಗಳನ್ನೂ ದಯವಿಟ್ಟು ಈಗಲೇ ಒಟ್ಟುಗೂಡಿಸಿ.

ಉತ್ತರ (ವಕೀಲ, ಮಂಗಳೂರು): ಇನ್ನೊಂದು ಮಾತು. ಈ ಕಾರಣಕ್ಕೆ ಖುಲಾಸೆಯಾದರೂ ಅವನು ನೇರ ಮನೆಗೆ ಬರುತ್ತಾನೆಂದಲ್ಲ. ನ್ಯಾಯಾಲಯವು ಸುರಕ್ಷಿತ ಅಭಿರಕ್ಷೆಗೆ, ಅಂದರೆ ಅವನನ್ನು ಸುರಕ್ಷಿತವಾಗಿ ಕಾವಲಿನಲ್ಲಿಡಲು, ಆದೇಶಿಸಬಹುದು.