ಜನ ಜಾಸ್ತಿಯಾಗುತ್ತಿದ್ದಾರಾ, ಮುದುಕರು ಜಾಸ್ತಿಯಾಗುತ್ತಿದ್ದಾರಾ? ಜನಸಂಖ್ಯಾ ತಜ್ಞರ ಜೊತೆ ಪ್ರಶ್ನೋತ್ತರ

ಪ್ರಶ್ನೆ: ಮೇಡಂ, ಜನಸಂಖ್ಯೆಯ ಲೆಕ್ಕಾಚಾರವೇ ನಿಮ್ಮ ಕೆಲಸ ಅಂತ ಗುಂಪಿನಲ್ಲಿ ಯಾರೋ ಹೇಳಿದರು. ಒಂದು ಗೊಂದಲ ಬಿಡಿಸಿ. ಒಂದು ದಿನ ಪೇಪರಿನಲ್ಲಿ ಭೂಮಿಗೆ ಜನ ಭಾರವಾದರು ಅಂತ ಬರುತ್ತದೆ. ಮಾರನೇ ದಿನ ಮಕ್ಕಳೇ ಹುಟ್ಟುತ್ತಿಲ್ಲ, ದೇಶಗಳಿಗೆ ಮುಪ್ಪು ಬಂತು ಅಂತ ಬರುತ್ತದೆ. ಎರಡರಲ್ಲಿ ಒಂದು ಸುಳ್ಳಿರಬೇಕು ಅಲ್ವಾ?

ಉತ್ತರ: ಎರಡೂ ನಿಜ. ರೈಲಿನಲ್ಲಿ ಪಕ್ಕ ಕೂತವರು ನನ್ನ ಕೆಲಸ ಏನು ಅಂತ ಗೊತ್ತಾದ ಕೂಡಲೇ ಕೇಳುವ ಪ್ರಶ್ನೆಯೂ ಇದೇ.

ಮೊದಲು ಅಂಕಿಗಳು. 1987ರಲ್ಲಿ ನಾವು 500 ಕೋಟಿ ಇದ್ದೆವು. ವಿಶ್ವಸಂಸ್ಥೆಯ ಲೆಕ್ಕದಲ್ಲಿ 2022ರ ನವೆಂಬರ್‌ನಲ್ಲಿ 800 ಕೋಟಿ ಮುಟ್ಟಿದೆವು. ಅದರ 2024ರ ಅಂದಾಜಿನಂತೆ 2080ರ ದಶಕದ ಮಧ್ಯದಲ್ಲಿ ಸುಮಾರು 1,030 ಕೋಟಿಗೆ ಹೋಗಿ, ಆಮೇಲೆ ಮೆಲ್ಲಗೆ ಇಳಿಯುತ್ತೇವೆ. ಆದರೆ ವರ್ಷಕ್ಕೆ ಹುಟ್ಟುವ ಮಕ್ಕಳ ಸಂಖ್ಯೆ 2012ರ ಸುಮಾರಿಗೇ ತುದಿ ಮುಟ್ಟಿ ಇಳಿಯುತ್ತಿದೆ.

ಹುಟ್ಟುವವರು ಕಡಿಮೆಯಾದರೂ ಜನ ಹೆಚ್ಚುವುದು ಹೇಗೆ? ಒಂದು ಪುಟ್ಟ ದ್ವೀಪ ಅಂದುಕೊಳ್ಳಿ. ಅಲ್ಲಿ 10 ಅಜ್ಜ-ಅಜ್ಜಿಯರು, 20 ನಡುವಯಸ್ಸಿನವರು, 40 ಮಕ್ಕಳು. ಒಟ್ಟು 70. ಇನ್ನು ಮುಂದೆ ಗಂಡ-ಹೆಂಡತಿಗೆ ಎರಡೇ ಮಕ್ಕಳು ಅಂತ ಎಲ್ಲರೂ ತೀರ್ಮಾನಿಸಿದರು. ಒಂದು ತಲೆಮಾರು ಕಳೆಯಲಿ. ಹಳೇ 10 ಮಂದಿ ತೀರಿಕೊಂಡರು. 20 ಮಂದಿ ಮುದುಕರಾದರು. 40 ಮಕ್ಕಳು ದೊಡ್ಡವರಾಗಿ 40 ಮಕ್ಕಳನ್ನು ಹೆತ್ತರು. ಈಗ ಒಟ್ಟು 100! ಇನ್ನೊಂದು ತಲೆಮಾರು ಕಳೆದರೆ 40 ಮುದುಕರು, 40 ನಡುವಯಸ್ಸಿನವರು, 40 ಮಕ್ಕಳು. 120. ಅಲ್ಲಿಗೆ ನಿಂತಿತು.

ಒಂದು ಮಗುವೂ ಜಾಸ್ತಿ ಹುಟ್ಟಲಿಲ್ಲ, ಗಮನಿಸಿದಿರಾ? ಮಕ್ಕಳ ಸಾಲು ಪ್ರತಿ ಸಲವೂ 40. ತುಂಬಿಕೊಂಡದ್ದು ಮೇಲಿನ ಸಾಲುಗಳು. ಜನಸಂಖ್ಯೆ ಬೆಳೆಯಿತು, ಜೊತೆಗೆ ಮುದುಕರ ಪಾಲು ಏಳರಲ್ಲಿ ಒಂದರಿಂದ ಮೂರರಲ್ಲಿ ಒಂದಕ್ಕೆ ಏರಿತು. ನಿಮ್ಮ ಪೇಪರಿನ ಎರಡೂ ಸುದ್ದಿ ಈ ಒಂದೇ ದ್ವೀಪದ್ದು. ಬ್ರೇಕ್ ಹಾಕಿದ ಮೇಲೂ ಗಾಡಿ ಸ್ವಲ್ಪ ದೂರ ಓಡುತ್ತದಲ್ಲ, ಹಾಗೆ.

ಮೊದಲು ಕೇಳಿದವರು: ಹಾಗಾದರೆ ಮುಪ್ಪು ಹೆಚ್ಚುತ್ತಿರುವುದು ಜನ ಹೆಚ್ಚು ಕಾಲ ಬದುಕುವುದರಿಂದ ಅಲ್ಲವಾ? ನಾನು ಹಾಗೇ ತಿಳಿದಿದ್ದೆ.

ಉತ್ತರ: ಅದೂ ಸೇರಿದೆ, ಆದರೆ ಮುಖ್ಯ ಕಾರಣ ಹೆರಿಗೆ ಕಡಿಮೆಯಾದದ್ದು. ನನ್ನ ದ್ವೀಪದಲ್ಲಿ ಯಾರ ಆಯಸ್ಸನ್ನೂ ನಾನು ಒಂದು ದಿನ ಕೂಡ ಹೆಚ್ಚಿಸಲಿಲ್ಲ, ನೋಡಿ. ಆಯಸ್ಸು ಏರುವ ಮೊದಲ ಹಂತದಲ್ಲಿ ಸಮಾಜ ಇನ್ನೂ ಎಳೆಯದಾಗುತ್ತದೆ. ಯಾಕೆಂದರೆ ಮೊದಲು ಬದುಕುಳಿಯುವುದು ಹಸುಗೂಸುಗಳು. ವಯಸ್ಸಾದವರ ಆಯಸ್ಸು ಬೆಳೆದು ಲೆಕ್ಕ ಬದಲಾಗುವುದು ಆಮೇಲೆ, ಶ್ರೀಮಂತ ದೇಶಗಳಲ್ಲಿ.

ಇನ್ನೊಬ್ಬ ಸದಸ್ಯರು: ಹಿಂದೆ ಸರಾಸರಿ ಆಯಸ್ಸು 35 ಇತ್ತಂತೆ. ಅಂದರೆ 35ಕ್ಕೇ ಮುದುಕರಾಗಿ ಹೋಗುತ್ತಿದ್ದರಾ?

ಉತ್ತರ: ಇಲ್ಲ. ಒಬ್ಬರು ಹುಟ್ಟಿದ ವರ್ಷವೇ ಹೋದರು, ಇನ್ನೊಬ್ಬರು 70 ಬದುಕಿದರು. ಸರಾಸರಿ 35. ಆಗಲೂ ಮುದುಕರಿದ್ದರು, ಕಡಿಮೆ ಇದ್ದರು ಅಷ್ಟೇ.

ಪ್ರಶ್ನೆ: ಮುದುಕರು ಜಾಸ್ತಿಯಾದರೆ ಏನಾಯಿತು? ಅವರೂ ಬದುಕಲಿ. ಇದನ್ನು ಸಮಸ್ಯೆ ಅನ್ನುವುದೇ ನನಗೆ ಬೇಜಾರು. ನನಗೆ 68.

ಉತ್ತರ: ನಿಮ್ಮ ಬೇಜಾರು ಸರಿ. ನಮ್ಮ ಪುಸ್ತಕಗಳಲ್ಲಿ 65 ದಾಟಿದವರನ್ನೆಲ್ಲ 'ಅವಲಂಬಿತರು' ಅಂತ ಒಂದೇ ಗೂಡಿಗೆ ಹಾಕುತ್ತೇವೆ. ಮೊಮ್ಮಕ್ಕಳನ್ನು ಸಾಕುತ್ತಾ, ಮಗಳ ಸಂಸಾರಕ್ಕೆ ದುಡ್ಡು ಕೊಡುತ್ತಾ ಇರುವ 68ರವರೂ ಅದೇ ಗೂಡಿನಲ್ಲಿ. ಈ ಗೆರೆಯನ್ನು ಯಾವ ವೈದ್ಯರೂ ಎಳೆದದ್ದಲ್ಲ. ಜರ್ಮನಿಯಲ್ಲಿ ಆಗಿನ ಸರ್ಕಾರದ ಮುಖ್ಯಸ್ಥ ಬಿಸ್ಮಾರ್ಕ್ ಕಾಲದಲ್ಲಿ, 1889ರಲ್ಲಿ, ವೃದ್ಧಾಪ್ಯ ಪಿಂಚಣಿಯ ಕಾನೂನು ಬಂದಾಗ ಗೆರೆ 70ಕ್ಕಿತ್ತು. 1916ರಲ್ಲಿ 65ಕ್ಕೆ ಇಳಿಸಿದರು. ಆಮೇಲೆ ಅದೇ ಲೋಕದ ರೂಢಿಯಾಯಿತು.

ನನ್ನ ಮಟ್ಟಿಗೆ ಕಷ್ಟ ಇರುವುದು ಮುದುಕರ ಸಂಖ್ಯೆಯಲ್ಲಲ್ಲ, ಬದಲಾವಣೆಯ ವೇಗದಲ್ಲಿ. 65 ದಾಟಿದವರ ಪಾಲು 100ಕ್ಕೆ 7ರಿಂದ 14ಕ್ಕೆ ಏರಲು ಫ್ರಾನ್ಸಿಗೆ ಒಂದು ಶತಮಾನಕ್ಕಿಂತ ಹೆಚ್ಚು ಬೇಕಾಯಿತು. ಜಪಾನಿಗೆ 24 ವರ್ಷ ಸಾಕಾಯಿತು, 1970ರಿಂದ 1994. ದಕ್ಷಿಣ ಕೊರಿಯಾಕ್ಕೆ ಬರೀ 18 ವರ್ಷ. ಆಸ್ಪತ್ರೆ, ಪಿಂಚಣಿ, ಮನೆಯ ಮೆಟ್ಟಿಲು, ಬಸ್ಸಿನ ಪಾವಟಿಗೆ, ಕೆಲಸದ ನಿಯಮ, ಇವನ್ನೆಲ್ಲ ಒಂದು ಶತಮಾನದಲ್ಲಿ ಬದಲಿಸಬಹುದು. 18 ವರ್ಷದಲ್ಲಿ? ಕೊರಿಯಾದಲ್ಲಿ ಮಕ್ಕಳನ್ನು ಓದಿಸಲು ಎಲ್ಲ ಖರ್ಚು ಮಾಡಿ, ಮುಪ್ಪಿಗೆ ಏನೂ ಉಳಿಸಿಕೊಳ್ಳದ ಒಂದು ತಲೆಮಾರೇ ಇದೆ. ಶ್ರೀಮಂತ ದೇಶಗಳಲ್ಲಿ ಅತಿ ಹೆಚ್ಚು ಬಡ ವೃದ್ಧರಿರುವ ದೇಶಗಳಲ್ಲಿ ಅದೂ ಒಂದು. ಮುಂದೆ ಈ ದಾರಿಗೆ ಬರುವ ಬಡ ದೇಶಗಳಿಗಂತೂ ದುಡ್ಡೂ ಕಡಿಮೆ, ಹೊತ್ತೂ ಕಡಿಮೆ.

ಮತ್ತೊಬ್ಬ ಸದಸ್ಯರು: ಎಲ್ಲರೂ ಚಿಕ್ಕ ವಯಸ್ಸಿನಿಂದ ಉಳಿತಾಯ ಮಾಡಿದರೆ ಮುಗಿಯಿತಲ್ಲ?

ಉತ್ತರ: ದುಡ್ಡು ಕೂಡಿಡಬಹುದು. ಸ್ನಾನ ಮಾಡಿಸುವ ಕೈಯನ್ನು ಕೂಡಿಡಲು ಆಗುವುದಿಲ್ಲ. ನನ್ನ ಕ್ಷೇತ್ರದವರೇ ಎಷ್ಟೋ ಸಲ ಮರೆಯುವ ಮಾತು ಇದು. ಉಳಿತಾಯ ಅಂದರೆ ಮುಂದಿನವರ ದುಡಿಮೆಯ ಮೇಲೆ ನಿಮಗಿರುವ ಒಂದು ಹಕ್ಕಿನ ಚೀಟಿ. 30 ವರ್ಷ ಆದಮೇಲೆ ಎಲ್ಲರೂ ಒಟ್ಟಿಗೆ ಚೀಟಿ ಹಿಡಿದು ಬಂದಾಗ ದುಡಿಯುವವರು ಕಡಿಮೆ ಇದ್ದರೆ, ಚೀಟಿಯ ಬೆಲೆ ಇಳಿಯುತ್ತದೆ. ಆರೈಕೆಯ ಕೂಲಿ ಏರುತ್ತದೆ.

ಹಾಗಂತ ಉಳಿತಾಯ ಬಿಡಬೇಡಿ ಮಾರಾಯ್ರೇ! ಅದೊಂದೇ ಸಾಲದು ಅನ್ನುತ್ತಿದ್ದೇನೆ. ಜರ್ಮನಿ 1995ರಲ್ಲಿ, ಜಪಾನ್ 2000ದಲ್ಲಿ ದೀರ್ಘಕಾಲದ ಆರೈಕೆಗೆಂದೇ ಬೇರೆ ವಿಮೆ ಶುರು ಮಾಡಿದವು. ಜಪಾನಿನಲ್ಲಿ 40 ತುಂಬಿದವರೆಲ್ಲ ಅದಕ್ಕೆ ಕಂತು ಕಟ್ಟುತ್ತಾರೆ. ಅದಕ್ಕೂ ಮೊದಲು ಆ ಭಾರ ಬಹುಪಾಲು ಬೀಳುತ್ತಿದ್ದದ್ದು ಮನೆಯ ಹೆಂಗಸರ ಮೇಲೆ, ಮುಖ್ಯವಾಗಿ ಸೊಸೆಯರ ಮೇಲೆ. ಸಂಬಳ ಇಲ್ಲ, ರಜೆ ಇಲ್ಲ, ಯಾವ ಲೆಕ್ಕಪುಸ್ತಕದಲ್ಲೂ ಹೆಸರಿಲ್ಲ. ಈಗ ವಿಮೆ ಇದೆ, ಆದರೆ ಆರೈಕೆ ಮಾಡುವವರೇ ಸಾಲುತ್ತಿಲ್ಲ. ದುಡ್ಡಿನ ಸಮಸ್ಯೆ ಬಿಡಿಸಿದಷ್ಟೂ ಕೈಗಳ ಸಮಸ್ಯೆ ಎದ್ದು ಕಾಣುತ್ತದೆ.

ಪ್ರಶ್ನೆ: ಸರ್ಕಾರಗಳು ಹೆಚ್ಚು ಮಕ್ಕಳನ್ನು ಹೆರಿ ಅಂತ ದುಡ್ಡು ಕೊಟ್ಟರೆ?

ಉತ್ತರ: ಕೊಟ್ಟು ನೋಡಿದ್ದಾರೆ. ಹಂಗೇರಿ ತೆರಿಗೆ ರಿಯಾಯಿತಿ, ಸಾಲ ಎಲ್ಲ ಕೊಟ್ಟಿತು. ಒಬ್ಬ ಹೆಣ್ಣಿಗೆ ಸರಾಸರಿ 1.2 ಮಕ್ಕಳು ಇದ್ದದ್ದು 2021ರ ಹೊತ್ತಿಗೆ 1.6ರ ಹತ್ತಿರ ಬಂತು. ಆಮೇಲೆ 2024ಕ್ಕೆ ಮತ್ತೆ 1.4ಕ್ಕಿಂತ ಕೆಳಗೆ ಬಿತ್ತು. ಜನಸಂಖ್ಯೆ ಹಾಗೇ ನಿಲ್ಲಬೇಕಾದರೆ 2.1 ಬೇಕು (ದ್ವೀಪದ ಲೆಕ್ಕದಲ್ಲಿ 2 ಸಾಕಿತ್ತು, ನಿಜದಲ್ಲಿ ಕೆಲವು ಮಕ್ಕಳು ದೊಡ್ಡವರಾಗುವ ಮೊದಲೇ ತೀರಿಕೊಳ್ಳುತ್ತಾರೆ). ದಕ್ಷಿಣ ಕೊರಿಯಾ ವರ್ಷಗಟ್ಟಲೆ ಖರ್ಚು ಮಾಡಿಯೂ 2023ರಲ್ಲಿ 0.72ಕ್ಕೆ ಇಳಿಯಿತು.

ಒತ್ತಾಯ ಮಾಡಿದವರ ಕಥೆ ಇನ್ನೂ ಕೆಟ್ಟದ್ದು. ರೊಮೇನಿಯಾದ ಸರ್ವಾಧಿಕಾರಿ ಚೌಷೆಸ್ಕು 1966ರಲ್ಲಿ ಗರ್ಭಪಾತ ನಿಷೇಧಿಸಿದ. ಒಂದೇ ವರ್ಷದಲ್ಲಿ ಹೆರಿಗೆ ದರ 1.9ರಿಂದ 3.7ಕ್ಕೆ ಹಾರಿತು. ಜನ ಕಳ್ಳದಾರಿ ಹುಡುಕಿದರು, ದರ ಮತ್ತೆ ಇಳಿಯಿತು. ಉಳಿದದ್ದು ಕದ್ದುಮುಚ್ಚಿ ಗರ್ಭ ತೆಗೆಸಲು ಹೋಗಿ ಸತ್ತ ಸಾವಿರಾರು ಹೆಂಗಸರು, ತುಂಬಿ ತುಳುಕಿದ ಅನಾಥಾಲಯಗಳು. ನಿಷೇಧ ಹೋದದ್ದು 1989ರ ಡಿಸೆಂಬರ್‌ನಲ್ಲಿ, ಅವನ ಜೊತೆಗೇ.

ಇದರ ಉಲ್ಟಾ ನೋಡಬೇಕಾದರೆ ಇರಾನ್ ಇದೆ. 1980ರ ದಶಕದ ಶುರುವಿನಲ್ಲಿ ಅಲ್ಲಿ ಒಬ್ಬ ಹೆಣ್ಣಿಗೆ 6ಕ್ಕಿಂತ ಹೆಚ್ಚು ಮಕ್ಕಳು. 2000ದ ಹೊತ್ತಿಗೆ 2ರ ಸುಮಾರು. ಹುಡುಗಿಯರು ಶಾಲೆಗೆ ಹೋದರು, ಹಳ್ಳಿಗಳಲ್ಲೂ ಆರೋಗ್ಯ ಕೇಂದ್ರಗಳು ಬಂದವು, ಹುಟ್ಟಿದ ಮಗು ಬದುಕುತ್ತದೆ ಅನ್ನುವ ನಂಬಿಕೆ ಬಂತು. ಚೀನಾದಂತೆ ಒಂದೇ ಮಗು ಅನ್ನುವ ಕಾನೂನು ಬೇಕಾಗಲಿಲ್ಲ.

ಇನ್ನೊಬ್ಬ ಸದಸ್ಯರು: ವಲಸೆ ಬಿಟ್ಟರೆ ಸರಿಹೋಗಲ್ವಾ? ಒಂದು ಕಡೆ ಯುವಕರು ಜಾಸ್ತಿ, ಇನ್ನೊಂದು ಕಡೆ ಮುದುಕರು ಜಾಸ್ತಿ.

ಉತ್ತರ: ಸಹಾಯ ಆಗುತ್ತದೆ, ಪೂರ್ತಿ ಸರಿಹೋಗಲ್ಲ. ಆಫ್ರಿಕಾದ ನೈಜರ್‌ನಲ್ಲಿ ಅರ್ಧದಷ್ಟು ಜನ 16 ತುಂಬದವರು, ಜಪಾನಿನಲ್ಲಿ ಅರ್ಧದಷ್ಟು ಜನ 49ರ ಆಸುಪಾಸು ಅಥವಾ ಅದಕ್ಕಿಂತ ದೊಡ್ಡವರು. ಕಾಗದದ ಮೇಲೆ ಹೊಂದಾಣಿಕೆ ಸುಲಭ. ಆದರೆ ವಲಸೆ ಬಂದವರಿಗೂ ವಯಸ್ಸಾಗುತ್ತದೆ, ಅವರ ಮನೆಗಳಲ್ಲೂ ಮಕ್ಕಳು ಬೇಗ ಕಡಿಮೆಯಾಗುತ್ತಾರೆ. ಜೊತೆಗೆ ಬಡ ದೇಶದ ನರ್ಸ್ ಶ್ರೀಮಂತ ದೇಶಕ್ಕೆ ಹೋದರೆ ಆಕೆಯ ಅಪ್ಪ ಅಮ್ಮನನ್ನು ನೋಡಿಕೊಳ್ಳುವವರು ಯಾರು? ಆ ಸಾಲನ್ನು ನಮ್ಮ ಕೋಷ್ಟಕಗಳಲ್ಲಿ ಹಾಕುವುದೇ ಇಲ್ಲ.

68ರವರು: ಕೊನೆಯದು. ಪಿಂಚಣಿ ವಯಸ್ಸು ಏರಿಸುವುದು ನ್ಯಾಯವಾ?

ಉತ್ತರ: ಕುರ್ಚಿಯಲ್ಲಿ ಕೂತು ದುಡಿಯುವ ನನ್ನಂಥವರಿಗೆ ನ್ಯಾಯವೇ. ಡೆನ್ಮಾರ್ಕ್ ಪಿಂಚಣಿ ವಯಸ್ಸನ್ನು ಆಯಸ್ಸಿನ ಜೊತೆಗೇ ಕಟ್ಟಿಹಾಕಿದೆ. ಜರ್ಮನಿ 2031ಕ್ಕೆ 67 ಮುಟ್ಟಿಸುತ್ತಿದೆ. ಆದರೆ 17ಕ್ಕೇ ಇಟ್ಟಿಗೆ ಹೊರಲು ಶುರು ಮಾಡಿದವರಿಗೆ 60ಕ್ಕೇ ಸೊಂಟ ಹೋಗಿರುತ್ತದೆ. ಸಾಮಾನ್ಯವಾಗಿ ಅವರು ಬೇಗ ಸಾಯುತ್ತಾರೆ ಕೂಡ. ಹಾಗಾಗಿ ಎಲ್ಲರಿಗೂ ಒಂದೇ ವಯಸ್ಸು ಇಟ್ಟರೆ, ಅವರು ಕಟ್ಟಿದ ಕಂತಿನಲ್ಲಿ ನನ್ನಂಥವರು ಹೆಚ್ಚು ವರ್ಷ ಪಿಂಚಣಿ ತಿನ್ನುತ್ತೇವೆ. ವಯಸ್ಸಿನ ಬದಲು ಎಷ್ಟು ವರ್ಷ ದುಡಿದರು ಅಂತ ಎಣಿಸುವುದು ವಾಸಿ. 17ಕ್ಕೆ ಶುರು ಮಾಡಿದವರು 60ಕ್ಕೆ 43 ವರ್ಷ ದುಡಿದಿರುತ್ತಾರೆ. ಓದು ಮುಗಿಸಿ 29ಕ್ಕೆ ಕೆಲಸಕ್ಕೆ ಸೇರಿದ ನಾನು ಅಷ್ಟು ದುಡಿಯಬೇಕಾದರೆ 72 ಆಗಬೇಕು.