ಚೆಂಡೆಲ್ಲಪ್ಪಾ ಸೀನ?

"ಮೇಷ್ಟ್ರೇ, ಇದು ಸಿ ದರ್ಜೆಯೋ ಬಿ ದರ್ಜೆಯೋ, ಒಂದು ಮಾತು ಹೇಳಿಬಿಡಿ" ಅಂತ ಸೀನ ಚಪ್ಪಲಿ ಬಿಡುವ ಮುಂಚೆಯೇ ಕೇಳಿದ.

ಮೇಷ್ಟ್ರು ಕೈಯಲ್ಲಿದ್ದ ಕೋಡುಬಳೆಯನ್ನು ತಿರುಗಿಸಿ ನೋಡಿದರು. "ಉಪ್ಪು ಒಂಚೂರು ಮುಂದು. ಸಿ ಕೊಡಬಹುದು."

ಅಡುಗೆಮನೆಯಿಂದ ಭಾಗ್ಯಮ್ಮ ಬಂದು ತಟ್ಟೆಯನ್ನೇ ಎತ್ತಿಕೊಂಡು ಹೋದರು.

"ಅಯ್ಯೋ, ಕೋಡುಬಳೆ ಅಲ್ಲ ಮೇಷ್ಟ್ರೇ, ನನ್ನ ಲೇಖನ! ವಿಕಿಪೀಡಿಯಕ್ಕೆ ಹಾಕೋಣ ಅಂತ ಬರೆದಿದ್ದೀನಿ. ಅಹ್ಮದ್ ಖಾನ್ ಅಂತ, ನಮ್ಮ ಬೆಂಗಳೂರಿನ ಫುಟ್‌ಬಾಲ್ ಆಟಗಾರ. ಎರಡು ಒಲಿಂಪಿಕ್ಸ್ ಆಡಿದ್ದಾರೆ. 1948ರಲ್ಲಿ ಲಂಡನ್, 1952ರಲ್ಲಿ ಹೆಲ್ಸಿಂಕಿ. ಹಾಕೋ ಮುಂಚೆ ನೀವು ನಾಲ್ಕು ಜನ ಕೂತು ಗುಣಮಟ್ಟ ನೋಡಬೇಕು."

"ಗುಣಮಟ್ಟ ನೋಡೋದು ಹೇಗೆ? ಬಾಳೆಹಣ್ಣಾದರೆ ಹಿಸುಕಿ ನೋಡಬಹುದು" ಅಂದರು ಶಾಮಣ್ಣ.

"ಅದಕ್ಕೆ ಪದ್ಧತಿ ಇದೆ ಶಾಮಣ್ಣಮಾವ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಲೇಖನಕ್ಕೆಲ್ಲ ದರ್ಜೆ ಕೊಡ್ತಾರೆ. ತೀರಾ ಚಿಕ್ಕದಾದರೆ ಚುಟುಕು. ಅದರ ಮೇಲೆ ಸ್ಟಾರ್ಟ್, ಆಮೇಲೆ ಸಿ, ಬಿ. ಅದಾದ ಮೇಲೆ 'ಒಳ್ಳೆಯ ಲೇಖನ', ಅದಕ್ಕೊಂದು ಹಸಿರು ಗುರುತು. ಅದರ ಮೇಲೆ ಎ. ಎಲ್ಲಕ್ಕಿಂತ ಮೇಲೆ ಕಂಚಿನ ಬಣ್ಣದ ನಕ್ಷತ್ರ."

ನಟ್ಟು ಗಾಬರಿಯಾದ. ಅವನ ಸೈಟು ಹದಿನೆಂಟು ವರ್ಷದಿಂದ ಬಿ ಖಾತಾದಲ್ಲೇ ಕೂತಿದೆ. "ಬಿ ಬೇಡ ಕಣೋ ಸೀನ. ಕೈ ಮುಗೀತೀನಿ. ಒಂದ್ಸಲ ಬಿಗೆ ಬಿದ್ದರೆ ಎಗೆ ಹೋಗೋದು ನಿನ್ನ ಮೊಮ್ಮಕ್ಕಳ ಕಾಲಕ್ಕೆ. ಬ್ಯಾಂಕಿನವರು ಒಳಗೇ ಬಿಟ್ಟುಕೊಳ್ಳಲ್ಲ."

"ಎಗಿಂತ ಮೇಲೂ ಒಂದು ದರ್ಜೆ, ಒಳ್ಳೆಯದಕ್ಕಿಂತ ಮೇಲೂ ಎರಡು ದರ್ಜೆ" ಮೇಷ್ಟ್ರು ಬೆರಳು ಮಡಿಸಿದರು. "ನಾನು ಮೂವತ್ತನಾಲ್ಕು ವರ್ಷ ಪೇಪರ್ ತಿದ್ದಿದ್ದೀನಿ. ಪಾಸು, ಫೇಲು, ಪಾಪ ಅಂತ ಪಾಸು. ಇಷ್ಟೇ ಇದ್ದದ್ದು."

"ಈಗ ನಕ್ಷತ್ರದ ಕಾಲ ಮೇಷ್ಟ್ರೇ" ಅಂದರು ಶಾಮಣ್ಣ. "ಮೊನ್ನೆ ನಲ್ಲಿ ರಿಪೇರಿಗೆ ಬಂದವನು ಹೊರಡುವಾಗ ಫೈವ್ ಸ್ಟಾರ್ ಒತ್ತಿ ಸಾರ್ ಅಂದ. ಒತ್ತಿದೆ. ಅವನು ಗೇಟು ದಾಟೋಷ್ಟರಲ್ಲಿ ನಲ್ಲಿ ಮತ್ತೆ ತೊಟ್ಟಿಕ್ಕೋಕೆ ಶುರು. ನನ್ನ ಐದು ನಕ್ಷತ್ರ ಮಾತ್ರ ಭದ್ರವಾಗಿ ಅವನ ಹತ್ತಿರ ಇದೆ. ಹೂಂ, ಓದು."

ಸೀನ ಫೋನನ್ನು ಎರಡೂ ಕೈಯಲ್ಲಿ ಹಿಡಿದು ಗಂಟಲು ಸರಿಮಾಡಿಕೊಂಡ. "ಮೊದಲು ಮಾಹಿತಿ ಪೆಟ್ಟಿಗೆ. ಪುಟದ ಪಕ್ಕದಲ್ಲಿ ಬರುತ್ತೆ. ಇದು ತುಂಬಿದ್ದರೇ ಲೇಖನಕ್ಕೆ ಒಂದು ಲಕ್ಷಣ. ಹೆಸರು: ಅಹ್ಮದ್ ಖಾನ್. ಜನನ: 1926, ಬೆಂಗಳೂರು. ಮರಣ: ಆಗಸ್ಟ್ 2017, ಬೆಂಗಳೂರು. ವೃತ್ತಿ: ಹಾವಾಡಿಗ."

ಮನೆಯಲ್ಲಿ ಒಂದು ಕ್ಷಣ ಫ್ಯಾನಿನ ಸದ್ದು ಮಾತ್ರ ಇತ್ತು.

"ಹಾವು ಹಿಡ್ಕೊಂಡು ಒಲಿಂಪಿಕ್ಸ್‌ಗೆ ಹೋಗಿದ್ರಾ?" ಭಾಗ್ಯಮ್ಮ ಬಾಗಿಲಿಗೆ ಬಂದರು.

"ಇಂಗ್ಲಿಷಲ್ಲಿ ಹಾಗೇ ಇತ್ತು ಅತ್ತೆ. ಅನುವಾದ ಮಾಡೋ ಆ್ಯಪಿಗೆ ಹಾಕಿದೆ, ಅದು ಹೀಗೆ ಕೊಡ್ತು."

"ಅದು ಅಡ್ಡಹೆಸರು ಕಣೋ!" ಶಾಮಣ್ಣ ಹಣೆ ಚಚ್ಚಿಕೊಂಡರು. "ಚೆಂಡನ್ನ ಆಡಿಸ್ತಿದ್ದ ರೀತಿ ನೋಡಿ ಜನ ಇಟ್ಟಿದ್ದು. ಮುಂದೆ ಓದು. ನಾಗರಪಂಚಮಿ ರಜೆ ಅಂತ ಏನಾದ್ರೂ ಬರೆದಿದ್ದೀಯಾ ನೋಡೋಣ."

"ಕುಟುಂಬ: ಪಂಚಪಾಂಡವರಲ್ಲಿ ಒಬ್ಬರು."

"ಯಾರು? ನಕುಲನೋ, ಸಹದೇವನೋ?" ಮೇಷ್ಟ್ರು ಗಂಭೀರವಾಗಿಯೇ ಕೇಳಿದರು.

ಇದೂ ಆ್ಯಪಿನ ಕೆಲಸವೇ. ಕಲ್ಕತ್ತಾದ ಈಸ್ಟ್ ಬೆಂಗಾಲ್ ಕ್ಲಬ್ಬಿನಲ್ಲಿ ಮುಂದಿನ ಸಾಲಿನ ಐದು ಜನರನ್ನು ಅಲ್ಲಿನವರು ಪಂಚಪಾಂಡವರು ಅಂತ ಕರೆಯುತ್ತಿದ್ದರು. ವೆಂಕಟೇಶ್, ಅಪ್ಪಾರಾವ್, ಧನರಾಜ್, ಅಹ್ಮದ್ ಖಾನ್, ಸಾಲೆ. ಬಂಗಾಳದ ಕ್ಲಬ್ಬು, ಆದರೆ ಐದೂ ಜನ ನಮ್ಮ ದಕ್ಷಿಣದವರು. 1949ರಿಂದ 51ರವರೆಗೆ ಐಎಫ್ಎ ಶೀಲ್ಡ್ ಅನ್ನುವ ಫುಟ್‌ಬಾಲ್ ಟ್ರೋಫಿ ಸತತ ಮೂರು ವರ್ಷ ಆ ಕ್ಲಬ್ಬಿನ ಕಪಾಟಿನಲ್ಲೇ ಇತ್ತು.

"ಮಹಾಭಾರತದಲ್ಲಿ ಮೊದಲು ಅಜ್ಞಾತವಾಸ, ಆಮೇಲೆ ರಾಜ್ಯ" ಅಂದರು ಶಾಮಣ್ಣ. "ಇವರಿಗೆ ಉಲ್ಟಾ. ಕಲ್ಕತ್ತಾದಲ್ಲಿ ರಾಜ್ಯಭಾರ ಮಾಡಿದರು. ಅಜ್ಞಾತವಾಸ ಊರಿಗೆ ವಾಪಸ್ ಬಂದ ಮೇಲೆ."

ಯಾರೂ ನಗಲಿಲ್ಲ. ಸೀನ ಬೇಗಬೇಗ ಮುಂದಕ್ಕೆ ಹೋದ. "ಸ್ಥಾನ: ಒಳಗೆ ಎಡಕ್ಕೆ."

"ಬಚ್ಚಲಿಗೆ ದಾರಿ ಹೇಳಿದ ಹಾಗಿದೆ" ಅಂದರು ಭಾಗ್ಯಮ್ಮ.

"ಇನ್‌ಸೈಡ್ ಲೆಫ್ಟ್ ಅಂತ ಅತ್ತೆ. ಅವರು ಆಡ್ತಿದ್ದ ಜಾಗ. ಮುಂದೆ ಕೇಳಿ. 'ಅವರು ದೇಶಕ್ಕಾಗಿ ಟೋಪಿಗಳನ್ನು ಧರಿಸಿದರು. 1948ರಲ್ಲಿ ಫ್ರಾನ್ಸ್ ವಿರುದ್ಧ ಭಾರತ ಎರಡು ದಂಡಗಳನ್ನು ತಪ್ಪಿಸಿಕೊಂಡಿತು.'"

"ಭೇಷ್!" ನಟ್ಟು ತೊಡೆ ತಟ್ಟಿದ. "ಹೋದ ತಿಂಗಳು ಸಿಗ್ನಲಲ್ಲಿ ನನಗೆ ಒಂದನ್ನೂ ತಪ್ಪಿಸಿಕೊಳ್ಳೋಕೆ ಆಗಲಿಲ್ಲ."

"ಪೆನಾಲ್ಟಿ ಕಣೋ, ಪೆನಾಲ್ಟಿ!" ಶಾಮಣ್ಣ ರೇಗಿದರು. "ಟೋಪಿ ಅಂದರೆ ಕ್ಯಾಪು, ದೇಶದ ಪರ ಆಡಿದ ಪಂದ್ಯದ ಲೆಕ್ಕ. ಎರಡು ಪೆನಾಲ್ಟಿ ಸಿಕ್ಕಿತ್ತು, ಎರಡನ್ನೂ ಕಳ್ಕೊಂಡ್ರು. ಸಾರಂಗಪಾಣಿ ರಾಮನ್ ಒಂದು ಗೋಲು ಹೊಡೆದು ಸಮ ಮಾಡಿದರು. ಕೊನೆ ಗಳಿಗೇಲಿ ಫ್ರಾನ್ಸ್ ಇನ್ನೊಂದು ಹೊಡೀತು. 2–1. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದ್ದು. ಎಂಥಾ ಪಂದ್ಯ! ಅದನ್ನ ನೀನು ಟ್ರಾಫಿಕ್ ಪೊಲೀಸ್ ರಸೀದಿ ಮಾಡಿಟ್ಟಿದ್ದೀಯ."

ನಟ್ಟುವಿಗೆ ಬರಿಗಾಲು ಅಂದದ್ದೇ ತಡ, ಹುರುಪು ಬಂತು. "ಅದಕ್ಕೇ ತಾನೇ 1950ರಲ್ಲಿ ಬ್ರೆಜಿಲ್‌ಗೆ ವಿಶ್ವಕಪ್ಪಿಗೆ ಹೋಗಲಿಲ್ಲ? ಬೂಟು ಹಾಕಿದ್ರೇ ಆಟ ಅಂದರಂತೆ. ನಮ್ಮವರು ನಿಮ್ಮ ಕಪ್ಪೂ ಬೇಡ, ಬೂಟೂ ಬೇಡ ಅಂದರಂತೆ."

"ಅದು ಕಟ್ಟುಕತೆ ನಟ್ಟು ಅಂಕಲ್" ಅಂದ ಸೀನ. ಅವತ್ತು ಮೊದಲ ಸಲ ಅವನ ದನಿ ಗಟ್ಟಿಯಾಗಿತ್ತು. "ಆಗ ನಮ್ಮ ಫುಟ್‌ಬಾಲ್ ಫೆಡರೇಶನ್‌ನವರಿಗೆ ವಿಶ್ವಕಪ್ಪಿಗಿಂತ ಒಲಿಂಪಿಕ್ಸೇ ದೊಡ್ಡದಾಗಿತ್ತು. ನಾಯಕರಾಗಬೇಕಿದ್ದ ಸೈಲೇನ್ ಮನ್ನಾ ಅವರೇ ಆಮೇಲೆ, ಬರಿಗಾಲಿನ ವಿಷಯ ಬರೀ ನೆಪ ಅಂದಿದ್ದಾರೆ. ಇದಕ್ಕೇ ನೋಡಿ ಉಲ್ಲೇಖ ಕೇಳೋದು. ಇಲ್ಲದಿದ್ದರೆ ಬಾಯಿಗೆ ಬಂದದ್ದೆಲ್ಲ ಚರಿತ್ರೆ ಆಗುತ್ತೆ."

ನಟ್ಟು ಮಂಕಾದ. ನಲವತ್ತು ವರ್ಷ ಆಫೀಸಿನ ಕ್ಯಾಂಟೀನಿನಲ್ಲಿ ಅವನು ಈ ಕತೆ ಹೇಳಿ ಎಷ್ಟೋ ಕಾಫಿ ಗಿಟ್ಟಿಸಿದ್ದ.

"ಈ ಮಾತು ಒಪ್ಪಿದೆ" ಅಂತ ಶಾಮಣ್ಣನೂ ತಲೆಯಾಡಿಸಿದರು. "ಭಾಗ್ಯ, ಈ ಹುಡುಗನಿಗೆ ಕೋಡುಬಳೆ ಕೊಡು. ಮೇಷ್ಟ್ರಿಗೂ ಕೊಡು, ಪಾಪ ಅಂತ."

ಕೋಡುಬಳೆ ಬಂದ ಮೇಲೆ ಸೀನ ಆರು ಪರೀಕ್ಷೆಗಳ ವಿಷಯ ತೆಗೆದ. 'ಒಳ್ಳೆಯ ಲೇಖನ'ದ ಹಸಿರು ಗುರುತು ಬೇಕಾದರೆ ಆರೂ ದಾಟಬೇಕು. ಬರವಣಿಗೆ ಚೆನ್ನಾಗಿರಬೇಕು. ಹೇಳಿದ್ದಕ್ಕೆ ಆಧಾರ ಇರಬೇಕು. ಮುಖ್ಯವಾದದ್ದು ಬಿಟ್ಟುಹೋಗಬಾರದು. ಪಕ್ಷಪಾತ ಕೂಡದು. ದಿನಕ್ಕೊಂದು ಥರ ಬದಲಾಗಬಾರದು. ಆದಷ್ಟೂ ಚಿತ್ರ ಇರಬೇಕು, ಅದಕ್ಕೆ ಹಕ್ಕುಸ್ವಾಮ್ಯದ ತಕರಾರು ಇರಬಾರದು.

"ಷಡ್ರಸ" ಅಂದರು ಮೇಷ್ಟ್ರು. "ಆದರೆ ಪಕ್ಷಪಾತ ಇಲ್ಲದೆ ಕನ್ನಡದಲ್ಲಿ ಬರೆಯೋದು ಹೇಗಪ್ಪ? ಹೊಗಳದೆ ಇದ್ದರೆ ನಮ್ಮಲ್ಲಿ ಅದನ್ನ ಬೈಗುಳ ಅಂತ ತಿಳೀತಾರೆ. ನನ್ನ ಬೀಳ್ಕೊಡುಗೆ ದಿನ ಗಣಿತ ಸಾಗರ ಅಂತ ಹಾರ ಹಾಕಿದರು. ನಾನು ಪಾಠ ಮಾಡ್ತಿದ್ದದ್ದು ಸಮಾಜ."

ಬದಲಾಗಬಾರದು ಅನ್ನುವ ಪರೀಕ್ಷೆ ಅಲ್ಲೇ ಕಣ್ಣೆದುರಿಗೆ ಫೇಲಾಯಿತು. ಹುಟ್ಟಿದ ಊರು ಬೆಂಗಳೂರು ಅಂತಿತ್ತಲ್ಲ, ಅದರ ಮುಂದೆ ಮೈಸೂರು ಸಂಸ್ಥಾನ ಅಂತ ಸೇರಿಸು, ಪಕ್ಕದಲ್ಲಿ ಗಂಡಭೇರುಂಡದ ಬಾವುಟ ಹಾಕು ಅಂದರು ಮೇಷ್ಟ್ರು. ನಟ್ಟು ಬಿಡಲಿಲ್ಲ. ಪೇಟೆ ಕಡೆ ಹುಟ್ಟಿದ್ದರೆ ಸಂಸ್ಥಾನ, ದಂಡಿನ ಕಡೆ ಹುಟ್ಟಿದ್ದರೆ ಬ್ರಿಟಿಷರದ್ದು, 1926ರಲ್ಲಿ ಕಂಟೋನ್ಮೆಂಟ್ ಮಹಾರಾಜರ ಕೈಯಲ್ಲಿ ಎಲ್ಲಿತ್ತು ಅಂದ. ವಾಪಸ್ ಬಂದದ್ದು 1947ರ ಜುಲೈನಲ್ಲಿ, ಅದನ್ನ ನನಗೆ ಹೇಳಿಕೊಡ್ತೀಯಾ, ನಾನು ಸಮಾಜದ ಮೇಷ್ಟ್ರು ಅಂದರು ಮೇಷ್ಟ್ರು. ಗಣಿತ ಸಾಗರ ಅಲ್ವಾ ಅಂದ ನಟ್ಟು. ಸೀನ ಸಂಸ್ಥಾನ ಸೇರಿಸಿದ, ಅಳಿಸಿದ, ಮತ್ತೆ ಸೇರಿಸಿದ. ಮೂರನೇ ಸಲಕ್ಕೆ ಅವನ ಬ್ಯಾಟರಿ ಕೆಂಪಾಯಿತು.

"ವಿಕಿಪೀಡಿಯದಲ್ಲೂ ಹೀಗೇ ಆಗುತ್ತೆ" ಅಂದ ಸೀನ, ಚಾರ್ಜರ್ ಹುಡುಕುತ್ತಾ. "ಆಗ ಬೇರೆ ಪುಟಕ್ಕೆ ಹೋಗಿ ಚರ್ಚೆ ಮಾಡಿ ಅಂತಾರೆ. ಕನ್ನಡ ವಿಕಿಪೀಡಿಯದಲ್ಲಿ ಎಲ್ಲರೂ ಸೇರಿ ಮಾತಾಡೋ ಪುಟಕ್ಕೆ ಅರಳಿ ಕಟ್ಟೆ ಅಂತಲೇ ಹೆಸರು."

"ಹೌದಾ?" ಶಾಮಣ್ಣನ ಮುಖ ಅರಳಿತು. "ನಮ್ಮ ಬೀದಿ ಕಟ್ಟೆ ಕಿತ್ತು ಟ್ರಾನ್ಸ್‌ಫಾರ್ಮರ್ ಇಟ್ಟರು. ಅಲ್ಲಾದರೂ ಒಂದು ಉಳೀತಲ್ಲ. ನೆರಳು ಬರುತ್ತಾ?"

"ಬರಲ್ಲ ಮಾವ."

"ಹೋಗಲಿ ಬಿಡು. ಈಗ ನನ್ನದೊಂದು ಪ್ರಶ್ನೆ. ಇಷ್ಟು ಹೊತ್ತು ಓದಿದೆಯಲ್ಲ, ಚೆಂಡೆಲ್ಲಪ್ಪಾ ಸೀನ?"

"ಯಾವ ಚೆಂಡು?"

"ಕ್ಲಬ್ಬು ಬಂತು, ಇಸವಿ ಬಂತು, ಟೋಪಿ ಬಂತು, ದಂಡ ಬಂತು. ಹಾವು ಕೂಡ ಬಂತು. ಒಂದು ಕಡೆನಾದರೂ ಆ ಮನುಷ್ಯ ಚೆಂಡು ಮುಟ್ಟಿದ್ದು ಇದೆಯಾ?"

ಸೀನ ಮೇಲಿಂದ ಕೆಳಗೆ, ಕೆಳಗಿಂದ ಮೇಲೆ ಎರಡು ಸಲ ಎಳೆದು ನೋಡಿದ. "ಇಲ್ಲಿದೆ ನೋಡಿ! 1952, ಹೆಲ್ಸಿಂಕಿ. ಗೋಲುಗಳು: 1."

"ಯಾವ ಪಂದ್ಯ ಅದು, ಗೊತ್ತಾ? ಯುಗೊಸ್ಲಾವಿಯ ಮೇಲೆ. ಹತ್ತಕ್ಕೆ ಒಂದು. ಹತ್ತು ಗೋಲು ತಿಂದಾಗಿದೆ, ಆಟ ಇನ್ನೇನು ಮುಗೀಬೇಕು. ಆಗ ಇವರು ಒಂದು ಹೊಡೆದರು. ಹತ್ತು ಬಿದ್ದ ಮೇಲೆ ಯಾರಿಗಾದರೂ ಕಾಲು ಏಳುತ್ತಾ ಹೇಳು. ನನಗೆ ಕರೆಂಟ್ ಬಿಲ್ ಎರಡು ತಿಂಗಳದ್ದು ಒಟ್ಟಿಗೆ ಬಂದರೆ ಹಾಸಿಗೆಯಿಂದ ಏಳೋಕೆ ಆಗಲ್ಲ. ನಿನ್ನ ಪೆಟ್ಟಿಗೆಯಲ್ಲಿ ಅದು ಬರೀ ಒಂದು ಕಡ್ಡಿ."

"ಅದಕ್ಕಿಂತ ಜಾಸ್ತಿ ಬರೆದರೆ ಭಾವುಕ ಆಯ್ತು ಅಂತ ತೆಗೀತಾರೆ ಮಾವ. ಆಧಾರ ಬೇಕು. ಯಾರು ನೋಡಿದ್ದು, ಎಲ್ಲಿ ಅಚ್ಚಾಗಿದೆ ಅಂತ."

"ನಮ್ಮಪ್ಪ ನೋಡಿದ್ದಾರೆ. ಹೆಲ್ಸಿಂಕಿಯಲ್ಲಲ್ಲ, ಇಲ್ಲೇ. ಅಹ್ಮದ್ ಖಾನ್ ಕಲ್ಕತ್ತಾಗೆ ಹೋಗೋ ಮುಂಚೆ, ಒಂದೇ ಒಂದು ಸಲ."

ಸೀನ ಫೋನ್ ಕೆಳಗಿಟ್ಟ. "ಅಪ್ಪ ಅಂದರೆ ಆಧಾರ ಅಲ್ಲ ಮಾವ. ಪತ್ರಿಕೆ ಆಗಬೇಕು, ಪುಸ್ತಕ ಆಗಬೇಕು."

"ನಮ್ಮಪ್ಪ ಜೀವಮಾನದಲ್ಲಿ ಒಂದು ಸುಳ್ಳು ಹೇಳಿದವರಲ್ಲ."

"ಅವರ ತಮ್ಮನ ಮದುವೆ ವಿಷಯದಲ್ಲಿ ಹೇಳಿದ್ರಲ್ಲ" ಅಂದರು ಭಾಗ್ಯಮ್ಮ.

"ಫುಟ್‌ಬಾಲ್ ವಿಷಯದಲ್ಲಿ ಹೇಳಿಲ್ಲ ಕಣೇ! ಆಫೀಸಿನಿಂದ ಸೈಕಲ್ ಮೇಲೆ ಹೋಗಿ, ಮೈದಾನದ ಬೇಲಿ ಪಕ್ಕ ನಿಂತು ನೋಡಿದರಂತೆ. ನಾನು ಚಿಕ್ಕವನಿದ್ದಾಗ ವಾರಕ್ಕೊಂದು ಸಲ ಆ ಕತೆ. ಬಾಯಲ್ಲಿ ಹೇಳೋರಲ್ಲ, ಮಾಡಿ ತೋರಿಸೋರು. ಒಂದು ನಿಂಬೆಹಣ್ಣು ಕೊಡು ಇಲ್ಲಿ."

"ಅದು ಚಿತ್ರಾನ್ನಕ್ಕೆ ಇಟ್ಟಿದ್ದು."

"ಕೊಡೇ, ವಾಪಸ್ ಕೊಡ್ತೀನಿ."

ಶಾಮಣ್ಣ ಪಂಚೆ ಮೇಲಕ್ಕೆ ಕಟ್ಟಿದರು. ಎಪ್ಪತ್ತೆರಡು ವರ್ಷ, ಮಂಡಿಗೆ ಬೆಲ್ಟು. ನಿಂಬೆಹಣ್ಣನ್ನು ರೆಡ್‌ಆಕ್ಸೈಡ್ ನೆಲದ ಮೇಲೆ ಇಟ್ಟು ಬರಿಗಾಲಿನ ಹೆಬ್ಬೆರಳಿನಿಂದ ಮೆಲ್ಲಗೆ ಮುಟ್ಟಿದರು. ಅದು ಅರ್ಧ ಸುತ್ತು ಉರುಳಿ ನಿಂತಿತು. "ನಟ್ಟು, ನೀನು ಎದುರಿಗೆ ನಿಲ್ಲು. ಫ್ರಾನ್ಸ್‌ನವನು ನೀನು. ಮೇಷ್ಟ್ರೇ, ಕುರ್ಚಿ ಹಿಂದಕ್ಕೆ ಎಳಕೊಳ್ಳಿ."

ನಟ್ಟು ಫ್ರಾನ್ಸ್‌ನವನ ಥರ ನಿಲ್ಲಲು ಪ್ರಯತ್ನಪಟ್ಟ. ಹೊಟ್ಟೆ ಅಡ್ಡ ಬಂತು.

ಶಾಮಣ್ಣ ಬಲಕ್ಕೆ ವಾಲಿದರು. ನಟ್ಟುವೂ ಬಲಕ್ಕೆ ವಾಲಿದ. ಅಷ್ಟರಲ್ಲಿ ಶಾಮಣ್ಣನ ಪಾದ ಹಣ್ಣಿನ ಮೇಲೆ ಒಂದು ಸಲ ಹೀಗೆ ಸವರಿಕೊಂಡು ಹೋಯಿತು. ಬೆಕ್ಕಿನ ತಲೆ ಸವರಿದ ಹಾಗೆ. ಹಣ್ಣು ನಟ್ಟುವಿನ ಎರಡು ಕಾಲಿನ ನಡುವೆ ದಾಟಿ, ಮಂಚದ ಕೆಳಗೆ ಹೋಗಿ, ಗೋಡೆಗೆ ಟಕ್ ಅಂತ ತಾಗಿದ್ದು ಕೇಳಿಸಿತು. ನಟ್ಟು ಇನ್ನೂ ಬಲಕ್ಕೇ ವಾಲಿಕೊಂಡಿದ್ದ.

"ಹೀಗಂತೆ" ಅಂದರು ಶಾಮಣ್ಣ, ಗೋಡೆ ಹಿಡಿದುಕೊಂಡು ಉಸಿರು ಬಿಡುತ್ತಾ. "ಆದರೆ ಸದ್ದಿಲ್ಲದೆ. ಅಪ್ಪ ಮಾಡಿದಾಗಲೂ ಹಣ್ಣು ಮಂಚದ ಕೆಳಗೇ ಹೋಗ್ತಿತ್ತು. ಅಮ್ಮ ಬೈಯೋರು. ನಾನು ನುಗ್ಗಿ ಎತ್ತಿಕೊಂಡು ಬರ್ತಿದ್ದೆ."

ಸೀನ ಮಂಚದ ಕೆಳಗೆ ನುಗ್ಗಿದ. ಸೀನು ಬಂತು, ಧೂಳು ಬಂತು, ಹೋದ ವರ್ಷ ಕಳೆದುಹೋಗಿದ್ದ ಮೇಷ್ಟ್ರ ಪೆನ್ನು ಬಂತು. ಕೊನೆಗೆ ನಿಂಬೆಹಣ್ಣೂ ಬಂತು. ಅಂಗಿಗೆ ಒರೆಸಿ ಭಾಗ್ಯಮ್ಮನ ಕೈಗೆ ಕೊಟ್ಟು, ಫೋನ್ ಮತ್ತೆ ಕೈಗೆತ್ತಿಕೊಂಡ.

"ಮಾವ, ಇದು ಹಾಕೋಕೆ ಬರಲ್ಲ, ಗೊತ್ತು. ಆದರೆ ಪೆಟ್ಟಿಗೆಯಲ್ಲಿ ಒಂದು ಸಾಲು ಖಾಲಿ ಇದೆ. ಅವರು ಹೊಡೀತಿದ್ದದ್ದು ಎಡಗಾಲೋ ಬಲಗಾಲೋ? ನಿಮ್ಮಪ್ಪ ಏನಂತಿದ್ರು?"

ಶಾಮಣ್ಣ ಕೂತು ಮಂಡಿಯ ಬೆಲ್ಟು ಸರಿಮಾಡಿಕೊಂಡರು.

"ಅದೇ ಗೊತ್ತಾಗ್ತಿರಲಿಲ್ಲ ಅಂತಿದ್ರು ಕಣೋ."