ಅಪ್ಪನ ಎದೆನೋವು ಗ್ಯಾಸ್ಟ್ರಿಕ್ಕಾ, ಹಾರ್ಟಾ?

ತೋಟದಮನೆ: ಅಪ್ಪನಿಗೆ 58, ಶುಗರ್ ಇದೆ. ಮೂರು ದಿನದಿಂದ ತೋಟದ ಏರು ಹತ್ತುವಾಗ ಎದೆ ಬಿಗಿ ಹಿಡಿಯುತ್ತದೆ, ಕೂತರೆ ಐದು ನಿಮಿಷದಲ್ಲಿ ಹೋಗುತ್ತದೆ. ಗ್ಯಾಸ್ಟ್ರಿಕ್ ಅಂತ ಜೀರಿಗೆ ಕಷಾಯ ಕುಡಿದು ಸುಮ್ಮನಾಗುತ್ತಾರೆ. ನಿನ್ನೆ ದವಡೆಯೂ ನೋಯುತ್ತೆ ಅಂದರು. ಸೋಮವಾರದವರೆಗೆ ಕಾಯಬಹುದಾ?

ಸಿಸ್ಟರ್_ಮೈಸೂರು: ಬೇಡ, ಇವತ್ತೇ ಕರೆದುಕೊಂಡು ಹೋಗಿ. ಗ್ಯಾಸ್ ಉರಿ ಸಾಮಾನ್ಯವಾಗಿ ಊಟ ಆದಮೇಲೆ, ಮಲಗಿದಾಗ ಜಾಸ್ತಿ. ನಡೆದರೆ ಬಂದು ಕೂತರೆ ಹೋಗುವ ಬಿಗಿತ, ಅದೂ ದವಡೆಗೋ ಎಡಗೈಗೋ ಹರಿದರೆ, ಹೃದಯದ್ದೇ ಇರಬಹುದು. ಶುಗರ್ ಇದ್ದವರಿಗೆ ಎದೆನೋವೇ ಇಲ್ಲದೆ ಬರೀ ಸುಸ್ತು, ಬೆವರು, ಏದುಸಿರಿನಲ್ಲೂ ಹಾರ್ಟ್ ಅಟ್ಯಾಕ್ ಆಗುತ್ತದೆ, ಅದಕ್ಕೇ ನನಗೆ ಭಯ. ಸುಮ್ನೆ ಕೂತಾಗಲೂ ನೋವು ಬಂದರೆ, ತಣ್ಣನೆ ಬೆವರಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಬೈಕ್ ಮೇಲೆ ಮಾತ್ರ ಕೂರಿಸಬೇಡಿ.

ಗಿರಿಜಮ್ಮನ ಮಗ: ನಮ್ಮಮ್ಮ ರೊಟ್ಟಿ ತಟ್ಟುತ್ತಿದ್ದವರು ಹಾಗೇ ಗೋಡೆಗೆ ಒರಗಿ ಕೂತರು, ರವಿಕೆಯೆಲ್ಲ ಒದ್ದೆ. ಒಲೆ ಮುಂದಿನ ಸೆಕೆ ಅಂದುಕೊಂಡೆವು, ಎರಡು ಗಂಟೆ ಹೋಯಿತು. ಮೊದಲ ಇಸಿಜಿ ನಾರ್ಮಲ್ ಬಂತು, ಹೃದಯಕ್ಕೆ ಪೆಟ್ಟಾಗಿದೆಯಾ ಅಂತ ತೋರಿಸುವ ಟ್ರೋಪೋನಿನ್ ರಕ್ತ ಪರೀಕ್ಷೆಯಲ್ಲಿ ಹಾರ್ಟ್ ಅಟ್ಯಾಕ್ ಅಂತ ಗೊತ್ತಾಯಿತು. ಹಾಗಾಗಿ ಒಂದು ಇಸಿಜಿ ಸರಿಯಿದೆ ಅಂತ ವಾಪಸ್ ಬರಬೇಡಿ, ನಡೆದಾಗ ನೋವು ಬರುವುದನ್ನು ಡಾಕ್ಟರಿಗೆ ನೀವೇ ಹೇಳಿ, ಅಪ್ಪ ಹೇಳಲ್ಲ ಅಲ್ವಾ.

ಕಾಫಿಸೀಮೆ: ತಾಲ್ಲೂಕು ಆಸ್ಪತ್ರೆಯಲ್ಲಿ ಪುನೀತ್ ರಾಜ್‌ಕುಮಾರ್ ಹೃದಯಜ್ಯೋತಿ ಯೋಜನೆ ಇದೆಯಾ ಕೇಳಿ. ಅದರಲ್ಲಿ ಇಸಿಜಿ ಉಚಿತ, ಅಟ್ಯಾಕ್ ಆಗಿದ್ದರೆ ರಕ್ತದ ಹೆಪ್ಪು ಕರಗಿಸುವ ದುಬಾರಿ ಇಂಜೆಕ್ಷನ್ನೂ ಉಚಿತ. ಶುಗರ್ ಮಾತ್ರೆ ಚೀಟಿ ಮರೆಯಬೇಡಿ.

ತೋಟದಮನೆ: ಚಿಕ್ಕಪ್ಪನ ಕಾರು ಬಂತು, ಹೊರಟಿದ್ದೇವೆ.